ಕೀನ್ಯಾದ ದೊಡ್ಡ ಫಾರಂಗಳ ಹಾಲು: ಮೊಸರು, ತುಪ್ಪಕ್ಕೆ ಸರಿ, ಟೀಗೆ ಬೇಡ

ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ನೈರೋಬಿಯಲ್ಲಿ ಇದ್ದುಕೊಂಡು ದಿನಾ ಮನೆಯಲ್ಲೇ ಮೊಸರಿಗೆ ಹೆಪ್ಪು ಹಾಕುವವರು, ಬೆಣ್ಣೆ ತೆಗೆದು ತುಪ್ಪ ಕಾಯಿಸುವವರು ನೀವಾದರೆ, ದೊಡ್ಡ ಖಾಸಗಿ ಫಾರಂಗಳು ತಮ್ಮ ಹಸುಗಳ ಹಾಲನ್ನು ತಾವೇ ತುಂಬಿಸಿ ಮಾರುತ್ತವಲ್ಲ, ಅದಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಕೊಡಿ. ಕೊಟ್ಟಿದ್ದಕ್ಕೆ ಮೋಸವಿಲ್ಲ. ಬರೀ ಟೀ, ಮಕ್ಕಳ ಕಾರ್ನ್‌ಫ್ಲೇಕ್ಸ್ ಅಷ್ಟಕ್ಕೇ ಆದರೆ ಬೇಡ. ಸೂಪರ್ ಮಾರ್ಕೆಟ್‌ನ ಮಾಮೂಲಿ ಪ್ಯಾಕೆಟ್ ಸಾಕು.

ಇಲ್ಲಿನ ನಮ್ಮವರ ವಾಟ್ಸಾಪ್ ಗ್ರೂಪುಗಳಲ್ಲಿ ಈ ಚರ್ಚೆ ಆಗಾಗ ಏಳುತ್ತದೆ. ಒಬ್ಬರು ಫಾರಂ ಹಾಲೇ ಅಮೃತ ಅನ್ನುತ್ತಾರೆ, ಇನ್ನೊಬ್ಬರು ಎಲ್ಲಾ ಹಾಲೂ ಒಂದೇ ಅನ್ನುತ್ತಾರೆ, ಯಾಕೆ ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ಹಾಸನ ಕಡೆಯವಳು. ಮನೆಯಲ್ಲಿ ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಷಿಯನ್ ಹಸುಗಳಿದ್ದವು. ಬೆಳಿಗ್ಗೆ ಸಂಜೆ ಕ್ಯಾನ್ ಹಿಡಿದುಕೊಂಡು ಹೋಗಿ ಡೈರಿಗೆ ಹಾಲು ಹಾಕಿ ಬರುತ್ತಾ ಬೆಳೆದವಳು. ಫ್ಯಾಟ್ ಎಷ್ಟು ಬಂತು, ಹಾಲಿನ ಗಟ್ಟಿತನ ತೋರಿಸುವ ಡಿಗ್ರಿ ಎಷ್ಟು ಬಂತು ಅನ್ನುವುದರ ಮೇಲೆ ನಮ್ಮ ಬಟವಾಡೆ ನಿಂತಿರುತ್ತಿತ್ತು. ಹಾಗಾಗಿ ಹಾಲಿನ ವಿಷಯ ಬಂದರೆ ನನಗೆ ಎರಡು ಮಾತಲ್ಲಿ ಮುಗಿಸಲು ಆಗುವುದಿಲ್ಲ.

ಹೊಸದಾಗಿ ಬಂದವರಿಗಾಗಿ ಇಲ್ಲಿನ ಹಾಲಿನ ಲೆಕ್ಕ ಮೊದಲು. ಅಂಗಡಿಯಲ್ಲಿ ಸಾಲಾಗಿ ಇಟ್ಟಿರುವುದು ಅರ್ಧ ಲೀಟರ್ ಪ್ಯಾಕೆಟ್. ಬ್ರೂಕ್‌ಸೈಡ್, ನ್ಯೂ ಕೆಸಿಸಿ, ಡೈಮಾ ಹೀಗೆ. ಟೂಜೊ, ಇಲಾರಾ, ಮೊಲೊ ಅಂತ ಬೇರೆ ಬೇರೆ ಹೆಸರು ಕಂಡರೂ ಅವೆಲ್ಲ ಬ್ರೂಕ್‌ಸೈಡ್‌ನವೇ. ಇವು ಯಾವುದೋ ಒಂದು ಫಾರಂನ ಹಾಲಲ್ಲ. ಸಾವಿರಾರು ಮನೆಗಳ ಹಾಲು ಒಂದೇ ಟ್ಯಾಂಕಿಗೆ ಬಂದು ಸೇರಿದ್ದು. ಕೀನ್ಯಾದಲ್ಲಿ ಕರೆಯುವ ಹಾಲಿನಲ್ಲಿ ನೂರಕ್ಕೆ ಸುಮಾರು 80 ಪಾಲು ಬರುವುದು ಒಂದೆರಡು ಹಸು ಕಟ್ಟಿಕೊಂಡ ಸಣ್ಣ ರೈತರಿಂದ. ನಮ್ಮ ನಂದಿನಿಯೂ ಹಾಗೇ ಅಲ್ವಾ. ಹಾಲು ತೆಗೆದುಕೊಳ್ಳುವವರು ಇಲ್ಲೂ ನೀರು ಬೆರೆತಿದೆಯಾ ಅಂತ ಲ್ಯಾಕ್ಟೋಮೀಟರ್ ಅದ್ದಿ ನೋಡುತ್ತಾರೆ, ಸ್ಪಿರಿಟ್ ಹಾಕಿ ಒಡೆಯುತ್ತದಾ ಅಂತ ಪರೀಕ್ಷೆ ಮಾಡುತ್ತಾರೆ. ನೈರೋಬಿ ಪಕ್ಕದ ಕಿಯಾಂಬು ಕಡೆ ಹೋದಾಗ ರಸ್ತೆ ಬದಿಯಲ್ಲಿ ಕ್ಯಾನ್ ಇಟ್ಟುಕೊಂಡು ಗಾಡಿಗೆ ಕಾಯುವ ಹೆಂಗಸರನ್ನು ನೋಡಿದರೆ ನನಗೆ ಊರಿನದೇ ನೆನಪು.

ಇನ್ನೊಂದು ದಾರಿ ಹಾಲಿನ ಎಟಿಎಂ. ದುಡ್ಡು ಹಾಕಿ, ಬಾಟಲಿ ಹಿಡಿದರೆ ಅಷ್ಟು ದುಡ್ಡಿಗಷ್ಟು ಹಾಲು ಬೀಳುತ್ತದೆ. ಇಪ್ಪತ್ತು ಶಿಲಿಂಗ್‌ಗೂ ಸಿಗುತ್ತದೆ ಅನ್ನುವುದು ಇದರ ದೊಡ್ಡ ಗುಣ. ಆದರೆ ಮೆಷಿನ್ ಎಷ್ಟು ಚೊಕ್ಕವಾಗಿದೆ ಅನ್ನುವುದು ಅಂಗಡಿಯವರ ಮೇಲೆ ಬಿಟ್ಟಿದ್ದು. ಗಾಡಿಯ ಮೇಲೆ ಕ್ಯಾನಿನಲ್ಲಿ ತಂದು ಕೊಡುವ ಹಸಿ ಹಾಲನ್ನು ನಾನು ತಗೊಳ್ಳುವುದಿಲ್ಲ. ತಗೊಳ್ಳುವವರು ಒಂದು ವಿಷಯ ಗಮನಿಸಿ. ನೈರೋಬಿ ಇರುವುದು ಸುಮಾರು 1,700 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು 94 ಡಿಗ್ರಿ ಆಸುಪಾಸಿಗೇ ಕುದಿಯಲು ಶುರುವಾಗುತ್ತದೆ. ಉಕ್ಕಿ ಬಂದ ತಕ್ಷಣ ಒಲೆ ಆರಿಸಬೇಡಿ, ಉರಿ ಸಣ್ಣ ಮಾಡಿ ಕೆಲವು ನಿಮಿಷ ಕುದಿಸಿ.

ಈಗ ದೊಡ್ಡ ಫಾರಂಗಳಿಗೆ ಬರೋಣ. ಇವು ಇಲ್ಲಿಗೆ ಹೇಗೆ ಬಂದವು ಅಂತ ಗೊತ್ತಿದ್ದರೆ ಹಾಲನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ನಕೂರು ಹತ್ತಿರದ ಎನ್ಜೋರೋದಲ್ಲಿ 1903ರ ಸುಮಾರಿಗೆ ಲಾರ್ಡ್ ಡೆಲಮಿಯರ್ ಅನ್ನುವ ಇಂಗ್ಲಿಷ್ ಜಮೀನ್ದಾರನಿಗೆ ಒಂದು ಲಕ್ಷ ಎಕರೆ ಜಾಗ ಸಿಕ್ಕಿತು. ಹೊರದೇಶದ ಹಸು, ಕುರಿ ತರಿಸಿದ. ಹುಲ್ಲು ನೋಡಲು ಸೊಂಪಾಗಿತ್ತು, ಆದರೆ ಅಲ್ಲಿನ ಮಣ್ಣಿನಲ್ಲಿ ಖನಿಜದ ಕೊರತೆ. ಅದರ ಜೊತೆಗೆ ರೋಗ. ತಂದ ಜಾನುವಾರು ಸಾಲಾಗಿ ಸತ್ತವು. ಆಮೇಲೆ ಎಲ್ಮೆಂಟೈಟಾ ಕೆರೆಯ ಹತ್ತಿರದ ಸೊಯ್‌ಸಾಂಬುವಿಗೆ ಹೋದ. 1925ರಲ್ಲಿ ಬಿಳಿಯ ರೈತರೆಲ್ಲ ಸೇರಿ ಕೀನ್ಯಾ ಕೋಆಪರೇಟಿವ್ ಕ್ರೀಮರೀಸ್, ಅಂದರೆ ಕೆಸಿಸಿ ಕಟ್ಟಿದರು.

ಇದರಲ್ಲಿ ನನ್ನ ಮನಸ್ಸಿಗೆ ಚುಚ್ಚುವ ಭಾಗ ಒಂದಿದೆ. ಒಳ್ಳೆಯ ಭೂಮಿಯೆಲ್ಲ ಬಿಳಿಯರಿಗೆ ಮೀಸಲಾಗಿತ್ತು. ಇಲ್ಲಿನ ಕಪ್ಪು ರೈತರು ವಿದೇಶಿ ತಳಿಯ ಹಸು ಕಟ್ಟಿ ಹಾಲು ಮಾರುವುದಕ್ಕೆ ದಾರಿ ತೆರೆದದ್ದು 1954ರಲ್ಲಿ ವಸಾಹತು ಸರ್ಕಾರದ ಸ್ವಿನ್ನರ್ಟನ್ ಕೃಷಿ ಯೋಜನೆ ಬಂದ ಮೇಲೆ. 1963ರಲ್ಲಿ ಸ್ವಾತಂತ್ರ್ಯ ಬಂತು, ಕೆಲವು ದೊಡ್ಡ ಎಸ್ಟೇಟುಗಳು ಒಡೆದು ಸಣ್ಣ ಹಿಡುವಳಿಗಳಾದವು, ಕೆಲವು ಹಾಗೇ ಉಳಿದವು, ಕೆಲವು ಹೊಸ ದೊಡ್ಡವರ ಕೈಗೆ ಹೋದವು. ಇವತ್ತಿಗೂ ಎತ್ತರದ ಪ್ರದೇಶದ ಒಳ್ಳೆಯ ಹುಲ್ಲುಗಾವಲಿನಲ್ಲಿ ಕಾಣುವ ದೊಡ್ಡ ಫಾರಂಗಳ ಬೇರು ಅಲ್ಲಿದೆ. ಕೆಸಿಸಿ ತೊಂಬತ್ತರ ದಶಕದ ಕೊನೆಗೆ ಕುಸಿದು ಬಿತ್ತು, ರೈತರ ದುಡ್ಡು ಮುಳುಗಿತು. 2003ರಲ್ಲಿ ಸರ್ಕಾರ ವಾಪಸ್ ತೆಗೆದುಕೊಂಡು ನ್ಯೂ ಕೆಸಿಸಿ ಮಾಡಿತು. ಅಷ್ಟರಲ್ಲಿ, 1993ರಲ್ಲಿ ದೇಶದ ಮೊದಲ ಅಧ್ಯಕ್ಷ ಕೆನ್ಯಾಟಾ ಅವರ ಕುಟುಂಬ ಶುರು ಮಾಡಿದ ಬ್ರೂಕ್‌ಸೈಡ್ ಮಾರುಕಟ್ಟೆ ಹಿಡಿದುಕೊಂಡಿತ್ತು. 2014ರಲ್ಲಿ ಫ್ರಾನ್ಸ್‌ನ ಡನೋನ್ ಕಂಪನಿ ಅದರಲ್ಲಿ ನೂರಕ್ಕೆ 40 ಪಾಲು ಕೊಂಡಿತು. ಇಲ್ಲಿ ಹಾಲು ಅಂದರೆ ಭೂಮಿ ಮತ್ತು ಅಧಿಕಾರದ ಮಾತೂ ಹೌದು.

ನಾವು ಹಾಲು ತರಿಸುವ ಫಾರಂ ಲಿಮುರು ಕಡೆಯದು. ನೂರಾರು ಹಸುಗಳಿವೆ, ಹೆಚ್ಚಿನವು ಫ್ರೀಷಿಯನ್, ಜೊತೆಗೆ ಸ್ವಲ್ಪ ಜೆರ್ಸಿ. ಹೆಸರು ಹಾಕುತ್ತಿಲ್ಲ, ಯಾಕೆಂದರೆ ಹೊಗಳುವುದರ ಜೊತೆ ಮುಂದೆ ಒಂದು ದೂರೂ ಇದೆ. ಮೊದಲೇ ಕೇಳಿದರೆ ಹಾಲು ಕರೆಯುವ ಜಾಗ ನೋಡಲು ಬಿಡುತ್ತಾರೆ. ನಾನು ಮಧ್ಯಾಹ್ನದ ಹಾಲು ಕರೆಯುವ ಹೊತ್ತಿಗೆ ಹೋಗಿದ್ದೆ. ಹಸುಗಳು ಯಾರೂ ಅಟ್ಟದೆ ತಾವೇ ಸಾಲಾಗಿ ಬಂದು ನಿಲ್ಲುತ್ತವೆ. ಕರೆಯುವವರು ಇರುವುದು ಕೆಳಗಿನ ಗುಂಡಿಯಲ್ಲಿ, ಹಸುವಿನ ಕೆಚ್ಚಲು ಅವರ ಎದೆಯ ಮಟ್ಟಕ್ಕೆ ಬರುತ್ತದೆ, ಬಗ್ಗುವ ಕೆಲಸವೇ ಇಲ್ಲ. ಪ್ರತಿ ಮೊಲೆಯಿಂದ ಮೊದಲ ಕೆಲವು ಸೆಳೆ ಹಾಲನ್ನು ಕಪ್ಪು ಬಟ್ಟಲಿಗೆ ಕೈಯಲ್ಲೇ ಹಿಂಡುತ್ತಾರೆ. ಬಟ್ಟಲು ಕಪ್ಪಗಿರುವುದು ಯಾಕೆಂದರೆ ಹಾಲಿನಲ್ಲಿ ಸಣ್ಣ ಗಂಟಿದ್ದರೂ ಎದ್ದು ಕಾಣಬೇಕು. ಗಂಟು ಕಂಡರೆ ಕೆಚ್ಚಲು ಬಾವು ಶುರುವಾಗಿದೆ ಅಂತ, ಆ ಹಸುವಿನ ಹಾಲು ಬೇರೆ ಕ್ಯಾನಿಗೆ. ಒಂದು ಹಸುವಿಗೆ ಒರೆಸಿದ ಬಟ್ಟೆ ಇನ್ನೊಂದಕ್ಕೆ ಮುಟ್ಟಿಸುವುದಿಲ್ಲ. ಇಂಜೆಕ್ಷನ್ ಕೊಟ್ಟ ಹಸುವಿನ ಹಿಂಗಾಲಿಗೆ ಕೆಂಪು ಪಟ್ಟಿ ಕಟ್ಟಿರುತ್ತಾರೆ, ಅದು ಬಿಚ್ಚುವವರೆಗೆ ಅದರ ಹಾಲು ಮಾರಾಟಕ್ಕಿಲ್ಲ. ಕರೆದು ಮುಗಿದ ಮೇಲೆ ಮೊಲೆತೊಟ್ಟನ್ನು ಅಯೋಡಿನ್‌ನಲ್ಲಿ ಅದ್ದಿ ಬಿಡುತ್ತಾರೆ.

ಹಾಲು ಪೈಪಿನಲ್ಲೇ ಟ್ಯಾಂಕಿಗೆ ಹೋಗಿ 4 ಡಿಗ್ರಿಗೆ ತಣ್ಣಗಾಗುತ್ತದೆ. ಗಾಳಿ ಸೋಕುವುದಿಲ್ಲ, ಕೈ ಸೋಕುವುದಿಲ್ಲ. ನನ್ನ ಪ್ರಕಾರ ನೀವು ಜಾಸ್ತಿ ದುಡ್ಡು ಕೊಡುತ್ತಿರುವುದು ಇದಕ್ಕೇ. ಹಸುವಿನ ಜಾತಿಗಲ್ಲ, ಬಾಟಲಿಯ ಅಂದಕ್ಕಲ್ಲ, ಕರೆದ ಕೂಡಲೇ ತಣ್ಣಗಾಗುವುದಕ್ಕೆ. ಸಣ್ಣ ರೈತನ ಹಾಲೂ ಕೆಚ್ಚಲಿನಿಂದ ಬರುವಾಗ ಇಷ್ಟೇ ಚೆನ್ನಾಗಿರುತ್ತದೆ. ಅದು ಕೆಡುವುದು ಕ್ಯಾನಿನಲ್ಲಿ ಬಿಸಿಲಲ್ಲಿ ಕಾಯುವಾಗ. ನಮ್ಮ ಊರಿನ ಡೈರಿಗೆ ಕೂಲರ್ ಬಂದ ಮೇಲೆ ಹಾಲು ವಾಪಸ್ ಬರುವುದು ಎಷ್ಟು ಕಡಿಮೆಯಾಯಿತು ಅಂತ ನೋಡಿದವರಿಗೆ ಇದು ಗೊತ್ತು.

ಗಿಣ್ಣು ಸಿಗುತ್ತದಾ ಅಂತ ಆಸೆಯಿಂದ ಕೇಳಿದೆ. ಇಲ್ಲ ಅಂದರು. ಕರುಗಳಿಗೆ ಕುಡಿಸಿ ಉಳಿದದ್ದನ್ನು ಬಾಟಲಿಗೆ ತುಂಬಿ ಫ್ರೀಜರ್‌ನಲ್ಲಿ ಇಡುತ್ತಾರಂತೆ, ತಾಯಿಯ ಹಾಲು ಸಾಲದ ಕರು ಹುಟ್ಟಿದರೆ ಅದಕ್ಕೆ ಬೇಕು. ಆ ಉತ್ತರ ನನಗೆ ಹಿಡಿಸಿತು. ಹಿಡಿಸದ್ದೂ ಒಂದಿದೆ. ಕರುವನ್ನು ಹುಟ್ಟಿದ ಸ್ವಲ್ಪ ಹೊತ್ತಿಗೇ ತಾಯಿಯಿಂದ ಬೇರೆ ಮಾಡಿ ಗೂಡಿನಂಥ ಸಣ್ಣ ಮನೆಯಲ್ಲಿ ಒಂಟಿಯಾಗಿ ಇಡುತ್ತಾರೆ. ರೋಗ ಹರಡಬಾರದು ಅಂತ ಕಾರಣ ಕೊಡುತ್ತಾರೆ, ಕಾರಣ ಸರಿಯೂ ಇರಬಹುದು, ಪ್ರಪಂಚದ ಹೆಚ್ಚಿನ ದೊಡ್ಡ ಡೈರಿಗಳು ಮಾಡುವುದು ಹೀಗೇ. ಆದರೆ ಕರು ಬಿಟ್ಟು, ತಾಯಿ ಸೊರೆ ಬಿಟ್ಟ ಮೇಲೆ ಹಾಲು ಕರೆಯುವುದನ್ನು ನೋಡಿ ಬೆಳೆದವರಿಗೆ ಆ ಸಾಲು ಗೂಡುಗಳನ್ನು ನೋಡುವುದು ಕಷ್ಟ. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ತಿಳಿದುಕೊಂಡು ಹೋಗಿ.

ಮೇವಿನ ಕಡೆ ಒಂದು ಸುತ್ತು ಹಾಕಿ ಬನ್ನಿ, ತಪ್ಪಿಸಬೇಡಿ. ಜೋಳದ ರಸಮೇವು (ಹಸಿಯಾಗಿ ಕತ್ತರಿಸಿ, ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ಮೇವು), ಕುದುರೆ ಮಸಾಲೆ ಸೊಪ್ಪು, ಬೋಮಾ ರೋಡ್ಸ್ ಅನ್ನುವ ಒಣಹುಲ್ಲಿನ ಪೆಂಡಿಗಳು. ರಸಮೇವನ್ನು ಕೈಗೆ ತಗೊಂಡು ಮೂಸಿದೆ. ಹುಳಿ ಹುಳಿ, ಸ್ವಲ್ಪ ಸಿಹಿ ವಾಸನೆ, ಬೂಸ್ಟಿನ ವಾಸನೆ ಇಲ್ಲ. ಇದು ದೊಡ್ಡ ವಿಷಯ. ಬೂಸ್ಟು ಹಿಡಿದ ಜೋಳ, ಹಿಂಡಿ ತಿಂದ ಹಸುವಿನ ಹಾಲಿಗೆ ಅಫ್ಲಾಟಾಕ್ಸಿನ್ ಅನ್ನುವ ವಿಷ ಇಳಿಯುತ್ತದೆ, ಎಷ್ಟು ಕಾಯಿಸಿದರೂ ಅದು ಹೋಗುವುದಿಲ್ಲ. ಮುಸುಕಿನ ಜೋಳವೇ ಊಟವಾಗಿರುವ ಈ ದೇಶದಲ್ಲಿ ಅದು ದೊಡ್ಡ ತಲೆನೋವು. ಮೇವನ್ನು ಪರೀಕ್ಷೆ ಮಾಡಿಸುತ್ತೀರಾ ಅಂತ ಕೇಳಿ. ನಮ್ಮ ಫಾರಂನವರು ಹೌದು ಅಂದು ಕಾಗದ ತೋರಿಸಿದರು. ಕಾಗದ ತೋರಿಸದ ಫಾರಂನಿಂದ ನಾನು ಹಾಲು ತರಿಸುವುದಿಲ್ಲ.

ಇನ್ನು ಉಣ್ಣೆ, ಅಂದರೆ ಹಸುವಿನ ಮೈಗೆ ಅಂಟಿ ರಕ್ತ ಹೀರುವ ಹುಳ. ನಮ್ಮಲ್ಲಿ ಉಣ್ಣೆ ಅಂದರೆ ಹಸುವಿಗೆ ಕಿರಿಕಿರಿ, ಒಂದೊಂದು ಸಲ ಜ್ವರ. ಇಲ್ಲಿ ಅದೇ ದೊಡ್ಡ ಶತ್ರು. ಕಿವಿಗೆ ಅಂಟುವ ಕಂದು ಉಣ್ಣೆಯಿಂದ ಈಸ್ಟ್ ಕೋಸ್ಟ್ ಫೀವರ್ ಬರುತ್ತದೆ, ಚಿಕಿತ್ಸೆ ಸಿಗದಿದ್ದರೆ ವಿದೇಶಿ ತಳಿಯ ಹಸುಗಳು ಕೆಲವೇ ವಾರಗಳಲ್ಲಿ ಸತ್ತುಹೋಗುತ್ತವೆ. ಅದಕ್ಕೇ ಫಾರಂಗಳಲ್ಲಿ ಹಸುಗಳನ್ನು ಓಣಿಯಂಥ ಜಾಗದಲ್ಲಿ ನಡೆಸಿ ಎರಡೂ ಕಡೆಯಿಂದ ಔಷಧಿ ಸಿಂಪಡಿಸುತ್ತಾರೆ. ಈ ರೋಗಕ್ಕೆ ಲಸಿಕೆ ಹುಟ್ಟಿದ್ದು ಲಿಮುರುವಿಗೆ ಹೋಗುವ ಕಡೆಯೇ ಇರುವ ಮುಗುಗಾದ ಸಂಶೋಧನಾ ಕೇಂದ್ರದಲ್ಲಿ. ಬದುಕಿರುವ ರೋಗಾಣುವನ್ನೇ ಚುಚ್ಚಿ, ಅದೇ ಹೊತ್ತಿಗೆ ಹಲವು ದಿನ ಕೆಲಸ ಮಾಡುವ ಆಂಟಿಬಯಾಟಿಕ್ ಕೊಡುತ್ತಾರೆ. ಹಸುವಿಗೆ ಸಣ್ಣದಾಗಿ ಜ್ವರ ಬಂದು ವಾಸಿಯಾಗುತ್ತದೆ, ಆಮೇಲೆ ಆ ರೋಗದ ಭಯ ಕಡಿಮೆ. ಎಂಥ ಕೆಲಸ ಅಲ್ವಾ! ಎಪ್ಪತ್ತರ ದಶಕದಲ್ಲಿ ಇಲ್ಲಿ ಮಾಡಿದ್ದು. ನೈರೋಬಿಯಲ್ಲಿ ಎಷ್ಟೋ ವರ್ಷದಿಂದ ಇರುವ ನಮ್ಮವರಿಗೂ ಇದು ಗೊತ್ತಿಲ್ಲ ಅನ್ನುವುದು ನನಗೆ ಬೇಜಾರು.

ಸರಿ, ಹಾಲು. ಫಾರಂ ಹಾಲಿನಲ್ಲೂ ಎರಡು ಥರ ಇದೆ, ಹೋಮೋಜನೈಸ್ ಮಾಡಿದ್ದು ಮತ್ತು ಮಾಡದ್ದು. ಅಂಗಡಿಯ ಪ್ಯಾಕೆಟ್ ಹಾಲಿನಲ್ಲಿ ಕೊಬ್ಬಿನ ಕಣಗಳನ್ನು ಒಡೆದು ಸಮ ಮಾಡಿರುತ್ತಾರೆ, ಹಾಗಾಗಿ ಕಾಯಿಸಿ ಇಟ್ಟರೂ ತೆಳ್ಳನೆಯ ಪೊರೆ ಬಿಟ್ಟರೆ ಕೆನೆ ಕಟ್ಟುವುದಿಲ್ಲ. ನಮಗೆ ಬೇಕಾದ್ದು ಹೋಮೋಜನೈಸ್ ಮಾಡದ, ಪಾಶ್ಚರೀಕರಿಸಿದ ಹಾಲು. ನಮ್ಮ ಫಾರಂನದು ಇದೇ. ಫ್ರಿಜ್‌ನಲ್ಲಿ ರಾತ್ರಿ ಇಟ್ಟರೆ ಬಾಟಲಿಯ ಕತ್ತಿನ ಹತ್ತಿರ ಹಳದಿ ಗೆರೆ ನಿಲ್ಲುತ್ತದೆ. ಕಾಯಿಸಿ ಆರಿಸಿ ಇಟ್ಟು ಬೆಳಿಗ್ಗೆ ನೋಡಿದರೆ ಚಮಚದಲ್ಲಿ ಮಡಚಿ ಎತ್ತುವಷ್ಟು ಕೆನೆ. ಅಂದ ಮಾತ್ರಕ್ಕೆ ಎಮ್ಮೆ ಹಾಲಿನ ಹಾಗೆ ಗಟ್ಟಿ ಅಂತ ಕಾಯಬೇಡಿ. ಫ್ರೀಷಿಯನ್ ಹಾಲಿನ ಕೊಬ್ಬು ಮೂರೂವರೆ ಪರ್ಸೆಂಟ್ ಆಸುಪಾಸು, ಜೆರ್ಸಿ ಸೇರಿದರೆ ಸ್ವಲ್ಪ ಏರುತ್ತದೆ. ನಂದಿನಿ ಸಮೃದ್ಧಿಯ 6 ಪರ್ಸೆಂಟ್ ಇಲ್ಲಿ ಸಿಗುವುದಿಲ್ಲ. ಎಮ್ಮೆ ಹಾಲಿನ ಮೊಸರೇ ಬೇಕು ಅನ್ನುವವರಿಗೆ ಈ ಊರಿನಲ್ಲಿ ದಾರಿ ಇಲ್ಲ.

ಮೊಸರು ಮಾತ್ರ ಚೆನ್ನಾಗಿ ಬರುತ್ತದೆ. ಬಾಣಲೆಯಲ್ಲಿ ಸ್ವಲ್ಪ ಬತ್ತಿಸಿ ಹೆಪ್ಪು ಹಾಕಿದರೆ ಚಾಕು ಹಾಕಿ ಕುಯ್ಯುವ ಹಾಗೆ ಕೂರುತ್ತದೆ. ಮಾಮೂಲಿ ಪ್ಯಾಕೆಟ್‌ನಲ್ಲೂ ಮೊಸರಾಗುತ್ತದೆ, ಆದರೆ ಒಂದು ವಾರ ಇದ್ದ ಹಾಗೆ ಇನ್ನೊಂದು ವಾರ ಇರುವುದಿಲ್ಲ, ಒಮ್ಮೆ ಲೋಳೆ, ಒಮ್ಮೆ ನೀರು ನೀರು. ಒಂದೇ ಹಿಂಡಿನ ಹಾಲಿನಲ್ಲಿ ಆ ಏರುಪೇರು ಕಡಿಮೆ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ರಾತ್ರಿ ಚಳಿ ಜೋರು, ಯಾವ ಹಾಲಾದರೂ ಬೆಳಿಗ್ಗೆಗೆ ಹೆಪ್ಪುಗಟ್ಟುವುದಿಲ್ಲ. ಓವನ್‌ನ ಲೈಟ್ ಮಾತ್ರ ಹಾಕಿ ಒಳಗಿಟ್ಟರೆ ಆಗುತ್ತದೆ. ದೀರ್ಘಕಾಲ ಇಡುವ ಯುಎಚ್‌ಟಿ ಹಾಲಿನಲ್ಲಿ ಮೊಸರು ಮಾಡಿ ಬೇಸರಪಟ್ಟುಕೊಳ್ಳುವವರು ಜಾಸ್ತಿ, ಅದರ ಸಹವಾಸ ಬಿಡಿ. ಮಜ್ಜಿಗೆ ಹುಳಿಗೆ ಇನ್ನೂ ಸುಲಭದ ದಾರಿ ಇದೆ. ಅಂಗಡಿಯಲ್ಲಿ ಮಾಲಾ ಅಂತ ಹುಳಿ ಹಾಲಿನ ಪ್ಯಾಕೆಟ್ ಸಿಗುತ್ತದೆ, ಕಡೆದರೆ ಹದವಾದ ಗಟ್ಟಿ ಮಜ್ಜಿಗೆ. ಅದಕ್ಕೆ ಫಾರಂ ಹಾಲು ಖರ್ಚು ಮಾಡುವುದು ದಂಡ.

ತುಪ್ಪದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮಳೆಗಾಲದಲ್ಲಿ, ಅಂದರೆ ಏಪ್ರಿಲ್, ಮೇ ಹೊತ್ತಿಗೆ ಹಸುಗಳು ಹಸಿ ಹುಲ್ಲು ಮೇಯುವಾಗ ಬೆಣ್ಣೆ ಅರಿಶಿನ ಬೆರೆಸಿದ ಹಾಗೆ ಹಳದಿ. ಹುಲ್ಲಿನ ಕ್ಯಾರೋಟಿನ್ ಇಳಿದು ಬರುವುದು ಅದು. ಫೆಬ್ರವರಿಯ ಒಣ ದಿನಗಳಲ್ಲಿ ಬೆಣ್ಣೆ ಪೇಲವ. ತುಪ್ಪ ಕಾಯಿಸುವವರು ಮಳೆಗಾಲದಲ್ಲಿ ಜಾಸ್ತಿ ಹಾಲು ಹೇಳಿ, ಬೆಣ್ಣೆ ತೆಗೆದು ಫ್ರೀಜರ್‌ನಲ್ಲಿ ಕೂಡಿಟ್ಟುಕೊಳ್ಳಿ. ಮರಳು ಮರಳು ತುಪ್ಪ ಬರುತ್ತದೆ, ಬಿಸಿ ಅನ್ನದ ಮೇಲೆ ಹಾಕಿದಾಗ ಬರುವ ಘಮಕ್ಕೆ ಮನೆಯವರೆಲ್ಲ ಅಡುಗೆಮನೆಗೆ ಬರುತ್ತಾರೆ.

ಕಾಫಿಗೆ? ಇಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಒಪ್ಪಿಗೆಯಾಗುವುದಿಲ್ಲ. ಕೀನ್ಯಾದ ಕಾಫಿ ಹಣ್ಣಿನ ಹುಳಿ ಇರುವ ಕಾಫಿ, ಹಾಲಿಲ್ಲದೆ ಕುಡಿಯಲು ಲೋಕಪ್ರಸಿದ್ಧ. ಅದಕ್ಕೆ ಹಾಲು ಬೆರೆಸಿದರೆ ನಮ್ಮ ಫಿಲ್ಟರ್ ಕಾಫಿಯ ರುಚಿ ಬರುವುದಿಲ್ಲ, ಹಾಲು ಎಂಥದ್ದೇ ಆದರೂ ಅಷ್ಟೇ. ಊರಿನಿಂದ ಚಿಕೋರಿ ಬೆರೆತ ಪುಡಿ ತಂದಿದ್ದರೆ ಮಾತ್ರ ಫಾರಂ ಹಾಲಿಗೆ ಬೆಲೆ. ಟೀ ಬೇರೆ ಕಥೆ. ಇಲ್ಲಿನವರು ಹಾಲು, ನೀರು, ಸೊಪ್ಪು ಒಟ್ಟಿಗೇ ಕುದಿಸುತ್ತಾರೆ. ಕೆರಿಚೊ, ಲಿಮುರು ಟೀ ಪುಡಿ ಎಷ್ಟು ಖಡಕ್ ಅಂದರೆ ಯಾವ ಹಾಲು ಹಾಕಿದ್ದೀರಿ ಅಂತ ಗೊತ್ತೇ ಆಗುವುದಿಲ್ಲ. ಪ್ಯಾಕೆಟ್ ಹಾಲು ಹಾಕಿ, ಆರಾಮಾಗಿ ಕುಡಿಯಿರಿ.

ಈಗ ದೂರು. ಫಾರಂನವರು ವಾರಕ್ಕೆ ಎರಡು ದಿನ ಮನೆಗೆ ತಂದು ಕೊಡುತ್ತಾರೆ. ಶುರುವಿನಲ್ಲಿ ಐಸ್ ಡಬ್ಬಿ ಇರುವ ಅವರದೇ ಗಾಡಿ ಬರುತ್ತಿತ್ತು. ಆಮೇಲೆ ಬೋಡಾ ಬೋಡಾ, ಅಂದರೆ ಬಾಡಿಗೆ ಬೈಕಿನವರ ಕೈಗೆ ಕೊಟ್ಟರು. ಒಂದು ದಿನ ಅಪಾರ್ಟ್‌ಮೆಂಟ್ ಗೇಟಿನಲ್ಲಿ ವಾಚ್‌ಮನ್ ಹತ್ತಿರ ಇಟ್ಟು ಫೋನೂ ಮಾಡದೆ ಹೋದರು. ಮಧ್ಯಾಹ್ನ ನಾನು ಇಳಿದು ಹೋಗುವಾಗ ಬಾಟಲಿಗಳು ಬಿಸಿಲಲ್ಲಿ ಬೆಚ್ಚಗಿದ್ದವು, ಒಲೆಗೆ ಇಟ್ಟ ಕೂಡಲೇ ಒಡೆಯಿತು. ಅಷ್ಟು ಚೊಕ್ಕವಾಗಿ ಕರೆದು, ಅಷ್ಟು ಕಷ್ಟಪಟ್ಟು ತಣ್ಣಗೆ ಮಾಡಿ, ಕೊನೆಯ ಎರಡು ಗಂಟೆಯಲ್ಲಿ ಹಾಳು ಮಾಡಿದರೆ ಹೇಗೆ? ಮೆಸೇಜ್ ಹಾಕಿದರೆ ಎರಡು ದಿನ ಉತ್ತರ ಇಲ್ಲ, ಆಮೇಲೆ ಮುಂದಿನ ಬಿಲ್ಲಿನಲ್ಲಿ ಕಳೆಯುತ್ತೇವೆ ಅಂದರು, ಕಳೆದರು. ದುಡ್ಡು ಬಂತು. ಆದರೆ ಈಗಲೂ ಬೈಕಿನಲ್ಲೇ ಕಳಿಸುತ್ತಾರೆ, ಡಬ್ಬಿಯಲ್ಲಿ ಐಸ್ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಹಾಲಿಗೆ ಹತ್ತಕ್ಕೆ ಒಂಬತ್ತು ಕೊಡುವ ನಾನು ತಲುಪಿಸುವುದಕ್ಕೆ ನಾಲ್ಕು ಕೊಡುತ್ತೇನೆ. ಬಾಟಲಿಯ ಮೇಲೆ ಕೊಬ್ಬು ಎಷ್ಟು ಅಂತ ಹಾಕುವುದಿಲ್ಲ ಅನ್ನುವುದು ಇನ್ನೊಂದು ಕೊರತೆ. ಹಳ್ಳಿಯ ಡೈರಿಯಲ್ಲಿ ಒಂದು ಲೀಟರ್ ಹಾಕುವವರಿಗೂ ಚೀಟಿಯಲ್ಲಿ ಬರೆದು ಕೊಡುತ್ತಾರೆ, ಇಷ್ಟು ದೊಡ್ಡ ಫಾರಂಗೆ ಅದು ಕಷ್ಟವೇ?

ಬೆಲೆ. ಅಂಗಡಿಯ ಅರ್ಧ ಲೀಟರ್ 60 ಶಿಲಿಂಗ್ ಆಸುಪಾಸು, ಲೀಟರಿಗೆ 120 ಅಂದರೆ ಸುಮಾರು 80 ರೂಪಾಯಿ. ಫಾರಂ ಹಾಲು ಅದರ ಮೇಲೆ ಇನ್ನೂ ಮೂರರಲ್ಲಿ ಒಂದು ಪಾಲು ಜಾಸ್ತಿ. ಇದರಲ್ಲಿ ರೈತನಿಗೆ ಹೋಗುವುದು ಎಷ್ಟು ಅಂತ ಯೋಚನೆ ಬರುತ್ತದೆ. 2024ರ ಮಾರ್ಚ್‌ನಿಂದ ನ್ಯೂ ಕೆಸಿಸಿ ಲೀಟರಿಗೆ 50 ಶಿಲಿಂಗ್ ಕೊಡುತ್ತದೆ ಅಂತ ಸರ್ಕಾರ ಹೇಳಿತು, ಅದೇ ದೊಡ್ಡ ಸುದ್ದಿಯಾಯಿತು. ಕರೆದವನಿಗೆ 50, ಕುಡಿಯುವವನಿಗೆ 120. ಫಾರಂ ಹಾಲು ಕೊಂಡರೆ ಆ ಸಣ್ಣ ರೈತನಿಗೆ ಏನೂ ಹೋಗುವುದಿಲ್ಲ ಅನ್ನುವುದು ನಿಜ. ಅದಕ್ಕೇ ನಮ್ಮ ಮನೆಯಲ್ಲಿ ಟೀ ಹಾಲು ಪ್ಯಾಕೆಟ್‌ನದೇ, ಅದನ್ನು ಬದಲಾಯಿಸುವ ಯೋಚನೆ ಇಲ್ಲ. ಆದರೆ ಜನವರಿಯಿಂದ ಮಾರ್ಚ್‌ವರೆಗೆ ಮಳೆ ಇಲ್ಲದೆ ಸಣ್ಣವರ ಹಸುಗಳು ಹಾಲು ಇಳಿಸಿದಾಗ ಅಂಗಡಿಯ ಪ್ಯಾಕೆಟ್ ಬೆಳಿಗ್ಗೆಯೇ ಖಾಲಿಯಾಗುತ್ತದೆ. ರಸಮೇವು ತುಂಬಿಟ್ಟುಕೊಂಡ ಫಾರಂ ಆಗಲೂ ತಪ್ಪದೆ ಕೊಡುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇದು ಸಣ್ಣ ಅನುಕೂಲವಲ್ಲ.

ಹಾಲು ತರಿಸುವಷ್ಟು ಬೇಡ, ಒಂದು ಸಲ ರುಚಿ ನೋಡಿದರೆ ಸಾಕು ಅನ್ನುವವರಿಗೆ ಎರಡು ಜಾಗ. ನಕೂರು ಹೆದ್ದಾರಿಯಲ್ಲಿ ನೈವಾಷಾ ಹತ್ತಿರ ಡೆಲಮಿಯರ್ ಅಂಗಡಿ ಇದೆ. ದೂರ ಪ್ರಯಾಣದ ಗಾಡಿಗಳು ನಿಂತು ಯೋಗರ್ಟ್ ಕೊಳ್ಳುವ ಜಾಗ. ಇಲ್ಲಿನ ಯೋಗರ್ಟ್ ಅಂದರೆ ಸಾಮಾನ್ಯವಾಗಿ ಸಿಹಿ, ಹಣ್ಣಿನ ರುಚಿಯದು. ಮಕ್ಕಳಿಗೆ ಖುಷಿ. ಮೊಸರನ್ನಕ್ಕೆ ಅಂತ ಕೊಳ್ಳುವವರು ಸಕ್ಕರೆ ಇಲ್ಲದ್ದು ಅಂತ ನೋಡಿ ಕೊಳ್ಳಿ. ನೈವಾಷಾಕ್ಕೆ ಹೋದಾಗ ಇನ್ನೊಂದು ವಿಷಯ ತಿಳಿದಿರಲಿ. ಅಲ್ಲಿ 1962ರಿಂದ ಸಾಹಿವಾಲ್ ಹಸುಗಳ ರಾಷ್ಟ್ರೀಯ ತಳಿ ಕೇಂದ್ರ ಇದೆ. ಪಂಜಾಬಿನ ಸಾಹಿವಾಲ್ ಸೀಮೆಯ ಕೆಂಗಂದು ಹಸುಗಳನ್ನು ಮೂವತ್ತರ ದಶಕದ ಕೊನೆಯಿಂದ ಇಲ್ಲಿಗೆ ತಂದರು. ಬಿಸಿಲು ತಡೆಯುತ್ತವೆ, ಉಣ್ಣೆಗೂ ಸುಲಭಕ್ಕೆ ಬಗ್ಗುವುದಿಲ್ಲ. ದನ ಸಾಕುವ ಮಸಾಯಿ ಜನ ತಮ್ಮ ಹಸುಗಳಿಗೆ ಇವುಗಳ ಹೋರಿಗಳನ್ನು ಕೂಡಿಸುತ್ತಾರೆ. ಸಾಹಿವಾಲ್ ಹಾಲು ಅಂತಲೇ ಬೇರೆಯಾಗಿ ನೈರೋಬಿಯಲ್ಲಿ ಯಾರಾದರೂ ಮಾರಿದರೆ ನಾನು ಮೊದಲ ಗಿರಾಕಿ.

ಎರಡನೆಯದು ಲಿಮುರು ಹತ್ತಿರದ ಟಿಗೋನಿಯ ಬ್ರೌನ್ಸ್ ಚೀಸ್. 1979ರಿಂದ ಇದೆ. ಇದು ದೊಡ್ಡ ಹಿಂಡಿನ ಫಾರಂ ಅಲ್ಲ, ಸುತ್ತಮುತ್ತಲಿನ ರೈತರ ಹಾಲಿನಲ್ಲಿ ಚೀಸ್ ಮಾಡುತ್ತಾರೆ. ನನಗೆ ಈ ಜಾಗ ಇಷ್ಟವಾಗಲು ಅದೂ ಒಂದು ಕಾರಣ. ಚೀಸ್ ಮಾಡುವುದನ್ನು ತೋರಿಸಿ, ರುಚಿ ನೋಡಲು ಕೊಟ್ಟು, ತೋಟದಲ್ಲಿ ಊಟ ಹಾಕುತ್ತಾರೆ. ಮೊದಲೇ ಬುಕ್ ಮಾಡಬೇಕು. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಯಾವ ಚೀಸಿಗೆ ಯಾವ ರೆನ್ನೆಟ್ (ಹಾಲನ್ನು ಗಟ್ಟಿ ಮಾಡುವ ಪದಾರ್ಥ, ಕೆಲವು ಕರುವಿನ ಹೊಟ್ಟೆಯಿಂದ ತೆಗೆದದ್ದು) ಹಾಕುತ್ತೀರಿ ಅಂತ ಕೇಳಿಕೊಳ್ಳಿ. ಲಿಮುರು ನೈರೋಬಿಗಿಂತ ಎತ್ತರ, ಮಧ್ಯಾಹ್ನವೂ ಮಂಜು ಇಳಿಯುತ್ತದೆ, ಸ್ವೆಟರ್ ಮರೆಯಬೇಡಿ.

ಫಾರಂ ಹಾಲು ಶುರು ಮಾಡುವ ಮೊದಲು ಫೋನಿನಲ್ಲೇ ಕೇಳಬೇಕಾದ್ದು ಇಷ್ಟು: ಹೋಮೋಜನೈಸ್ ಮಾಡಿದ್ದಾ ಅಲ್ವಾ, ಯಾವ ದಿನ ಕರೆದದ್ದು ಯಾವ ದಿನ ಮನೆಗೆ ಬರುತ್ತದೆ, ಐಸ್ ಡಬ್ಬಿಯಲ್ಲಿ ಕಳಿಸುತ್ತಾರಾ, ಮೇವಿನ ಪರೀಕ್ಷೆ ಮಾಡಿಸಿದ್ದಾರಾ. ಸರಿಯಾದ ಉತ್ತರ ಬಂದರೆ ತಿಂಗಳ ದುಡ್ಡು ಮುಂಗಡ ಕೊಡದೆ ಎರಡು ಲೀಟರ್ ಮಾತ್ರ ಹೇಳಿ. ಒಂದು ಬಾಟಲಿ ಮೊಸರಿಗೆ ಹಾಕಿ, ಇನ್ನೊಂದನ್ನು ಹಾಗೇ ಫ್ರಿಜ್‌ನಲ್ಲಿಟ್ಟು ಮೂರನೇ ದಿನ ಕಾಯಿಸಿ ನೋಡಿ. ಒಡೆಯದಿದ್ದರೆ ಮುಂದುವರಿಸಿ.